ಜವರಮ್ಮನ ಕಿವಿಯನ್ನು ಪಾಸು ಮಾಡಿದ ಡಾಕ್ಟರವರಿಗೆ

ಕಳಸ ಸೀಮೆ, ಮೇ ೧೯೩೮

ಕಿವಿ, ಮೂಗು, ಗಂಟಲ ಬೇನೆಗಳ ಸಂಶೋಧನೆಗೆಂದು ಘಟ್ಟ ಹತ್ತಿ ಬಂದು, ನಮ್ಮ ಮೂರನ್ನೂ ಪಾವನಗೊಳಿಸಿ ಇಳಿದುಹೋದ ಮಾನ್ಯರೇ,

ಬಿ.ಎ. ಓದಿಯೂ ಕಾಫಿ ತೋಟದಲ್ಲಿ ಆಳುಗಳ ಹಾಜರಿ ಕೂಗುತ್ತ ಗಂಟಲು ಸವೆಸಿಕೊಂಡ ರೈಟರನಾದ ನಾನು, ತಮ್ಮ ಅಚ್ಚಾದ ವರದಿಯನ್ನು ಕಣ್ಣಿಗೊತ್ತಿಕೊಂಡು ಮಾಡುವ ಅರಿಕೆ.

ಆ ದಿನ ತಾವು ಕಾಫಿ ಒಣಗಿಸುವ ಕಣದಲ್ಲಿ ಕುರ್ಚಿ ಹಾಕಿಸಿಕೊಂಡು, ಹಣೆಗೆ ಕನ್ನಡಿ ಕಟ್ಟಿಕೊಂಡು, ಅರವತ್ತೆರಡು ಆಳುಗಳ ನೂರಿಪ್ಪತ್ತನಾಲ್ಕು ಕಿವಿಗಳನ್ನು ಒಂದೇ ಗಂಟೆಯಲ್ಲಿ ಮುಗಿಸಿದ ವೇಗವನ್ನು ನಮ್ಮ ಹಣ್ಣು ಬಿಡಿಸುವ ಹೆಂಗಸರು ಇಂದಿಗೂ ಕೊಂಡಾಡುತ್ತಾರೆ. ಜೇಬುಗಡಿಯಾರವನ್ನು ಒಬ್ಬೊಬ್ಬರ ಕಿವಿಯ ಪಕ್ಕ ಹಿಡಿದು, ಟಿಕ್ ಟಿಕ್ ಕೇಳಿಸುತ್ತದೆಯೇ ಎಂದು ನನ್ನ ಬಾಯಿಂದ ವಿಚಾರಿಸಿದಿರಿ. ಎಲ್ಲರೂ "ಕೇಳ್ತದೆ ಬುದ್ಧಿ" ಎಂದರು. ಮೂರು ವರ್ಷದಿಂದ ಎರಡೂ ಕಿವಿ ಸೋರುತ್ತಿರುವ, ಹಾಜರಿ ಕೂಗಿದರೆ ಪಕ್ಕದವಳು ತಿವಿದ ಮೇಲಷ್ಟೇ ಓಗೊಡುವ ಜವರಮ್ಮನೂ ತಮ್ಮ ಮುಖ ನೋಡಿ, ನನ್ನ ತುಟಿ ನೋಡಿ, "ಕೇಳ್ತದೆ ಬುದ್ಧಿ" ಎಂದೇಬಿಟ್ಟಳು. ದೊಡ್ಡವರು ಕೇಳಿದ್ದಕ್ಕೆ ಇಲ್ಲವೆನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಗಡಿಯಾರವಂತೂ ಕೀಲಿ ಕಾಣದೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೇ ನಿಂತಿತ್ತು. ಅದನ್ನು ಹೇಳಲು ನಾನು ಬಾಯಿ ತೆರೆದಾಗ, ಪರೀಕ್ಷೆಯ ಹೊತ್ತಿನಲ್ಲಿ ಸದ್ದು ಕೂಡದೆಂದು ತಾವು ಬೆರಳೆತ್ತಿದಿರಿ.

ಹೀಗೆ ಹೊರಟ ಸಿದ್ಧಾಂತ: ಮಲೆನಾಡಿನ ಗಾಳಿಗೆ ಕಿವುಡೆಂಬುದೇ ಇಲ್ಲ, ಆದ್ದರಿಂದ ತಿಂಗಳಿಗೊಮ್ಮೆ ಕಿವಿ ಡಾಕ್ಟರು ಬರಲೆಂದು ನಾವು ಬೇಡಿದ್ದು ಅನಗತ್ಯ. ಕಿವಿಯಲ್ಲಿ ಕೀವು, ಕೀವಿನೊಳಗೆ ನೋವು, ವರದಿಯ ತುಂಬ ಹೂವು. ಪ್ರಾಸ ನನ್ನದು, ಪ್ರತಾಪ ತಮ್ಮದು.

ಈಗ ಮರಗಸಿಯ ಕಾಲ; ಮಳೆಗೆ ಮುಂಚೆ ನೆರಳುಮರಗಳ ಕೊಂಬೆ ಕಡಿಯುತ್ತಾರೆ. ಹೋದ ಮಂಗಳವಾರ ಮರ ಹತ್ತಿದ್ದ ಕೆಂಚಯ್ಯ "ಜವರಮ್ಮೋ, ಆಚೆ ಸರಿಯೇ!" ಎಂದು ಮೂರು ಸಲ ಅರಚಿದರೂ, ಕೆಳಗೆ ಸೌದೆ ಒಟ್ಟುತ್ತಿದ್ದ ಆಕೆ ಸರಿಯಲಿಲ್ಲ. ಕೊಂಬೆ ಭುಜ ಸವರಿಕೊಂಡು ಬಿತ್ತು. ಆಕೆಯನ್ನು ಬೀಜ ಆರಿಸುವ ಷೆಡ್ಡಿಗೆ ಹಾಕಿರೆಂದು ಕೇಳಿದರೆ ಮ್ಯಾನೇಜರು ತಮ್ಮ ವರದಿಯನ್ನೇ ಮುಂದೆ ಹಿಡಿದು, "ಕಿವಿ ಸರಿಯಾಗಿದೆಯಲ್ರೀ ರೈಟ್ರೇ, ಇದು ಬರೀ ಸೊಕ್ಕು" ಎಂದರು. ಜವರಮ್ಮ ಮರದ ಕೆಳಗೇ ಉಳಿದಳು. "ಡಾಕ್ಟ್ರು ಕೊಟ್ಟ ಕಿವೀನ ವಾಪಸ್ ತಗೊಳಕ್ಕೂ ಡಾಕ್ಟ್ರೇ ಬರ್ಬೇಕಲ್ಲ ಮಾರಾಯ್ರೆ" ಎಂದು ಕೆಂಚಯ್ಯನ ವಾದ.

ಆದಕಾರಣ ತಾವು ಮತ್ತೊಮ್ಮೆ ದಯಮಾಡಿಸಿ ಈಕೆಯನ್ನು ಶಾಸ್ತ್ರೋಕ್ತವಾಗಿ ಕಿವುಡಿಯೆಂದು ಬರೆದುಕೊಡಬೇಕು. ಅಷ್ಟು ಬಿಡುವಿಲ್ಲದಿದ್ದರೆ, ಬೀಳಲಿರುವ ಕೊಂಬೆಗಳಿಗಾದರೂ ವರದಿಯ ಒಂದೊಂದು ಪ್ರತಿ ಕಳುಹಿಸಬೇಕು.

ವರದಿಯೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಷಡಕ್ಷರಿ, ತೋಟದ ರೈಟರು

ತಾ.ಕ.: ಜವರಮ್ಮನ ಸೊಂಟಕ್ಕೆ ಈಗ ಹಗ್ಗ ಕಟ್ಟಿದ್ದೇವೆ, ಇನ್ನೊಂದು ತುದಿ ಮರದ ಮೇಲೆ ಕೆಂಚಯ್ಯನ ಕೈಯಲ್ಲಿ. ಕತ್ತಿ ಬೀಸುವ ಮುನ್ನ ಆತ ಎರಡು ಸಲ ಜಗ್ಗುತ್ತಾನೆ. ಆಕೆ ಅವನ ವಂಶವನ್ನೆಲ್ಲ ಬಯ್ಯುತ್ತ ಆಚೆ ಸರಿಯುತ್ತಾಳೆ. ಈ ಸಂಶೋಧನೆಯನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುವ ಮನಸ್ಸಾದರೆ, ಮೊದಲು ಒಂದು ಬೆಳಿಗ್ಗೆ ಆ ಮರದಡಿ ನಿಂತು ನೋಡುವ ಕೃಪೆಯಾಗಲಿ. ಹಗ್ಗ ನಾವು ಕೊಡುತ್ತೇವೆ. ಜಗ್ಗುವುದು ಮಾತ್ರ ಕೆಂಚಯ್ಯನ ಮರ್ಜಿ.