ಮಗ್ಗುಲ ಮುಳ್ಳು

ಮೂವತ್ತೊಂದು ವರ್ಷದ ಸಂಸಾರದಲ್ಲಿ ದರ್ಜಿ ಮೆಲ್ಚೋರನ ಮಾತು ಮನೆಯಲ್ಲಿ ನಡೆದದ್ದು ಎರಡೇ ಸಲ. ಎರಡು ಸಲವೂ ಅವನಿಗೆ ಜ್ವರ ನೆತ್ತಿಗೇರಿತ್ತು. ರೋಗಿ ಕೇಳಿದ್ದನ್ನು ಕೊಡಿ ಎಂದು ವೈದ್ಯರು ಹೇಳಿದ್ದರು. ಉಳಿದಂತೆ ಸಾರಿಗೆ ಉಪ್ಪೆಷ್ಟು, ಅವನ ತಟ್ಟೆಗೆ ಮಾಂಸದ ತುಂಡೆಷ್ಟು, ಕಣ್ಣಿಗೆ ನಿದ್ದೆಯೆಷ್ಟು, ಎಲ್ಲದರ ಅಳತೆಯೂ ಹೆಂಡತಿ ದೆಮೆತ್ರಿಯಾಳ ಕೈಯಲ್ಲಿ. ಊರವರ ಎದೆ ಸೊಂಟಗಳನ್ನೆಲ್ಲ ಅಳೆಯುವವನಿಗೆ ತನ್ನ ಹೊಟ್ಟೆ ಅಳೆದುಕೊಳ್ಳುವ ಅಧಿಕಾರವಿರಲಿಲ್ಲ.

ಅದಕ್ಕೇ ಅವನಿಗೆ ಕಾರು ಬೇಕಾಗಿತ್ತು. (ಹೊರಗೆ ಹೇಳಿದ ಕಾರಣ ಬೇರೆ: ಬಟ್ಟೆಯ ಥಾನು ತರುವುದು, ಅವಳ ಮೊಣಕಾಲು ನೋವು.) ಒಳಗಿನ ಆಸೆ ಇಷ್ಟೇ. ಶನಿವಾರ ತಾರಾತಾ ಊರಿಗೆ ಹೋಗಬೇಕು, ಗೆಳೆಯರ ಜೊತೆ ಕಂಚಿನ ಕಪ್ಪೆಯ ಬಾಯಿಗೆ ಬಿಲ್ಲೆ ಎಸೆಯುವ ಆಟ ಆಡಬೇಕು, ಒಂದು ತಟ್ಟೆ ತುಂಬ ಹುರಿದ ಹಂದಿಮಾಂಸ ತಿನ್ನಬೇಕು, ಪಕ್ಕದಲ್ಲಿ ಕೂತು ಯಾರೂ "ಸಾಕು" ಅನ್ನಬಾರದು.

ಸಾಕಿದ ಎರಡು ಹಂದಿ ಮಾರಿದ್ದಾಯಿತು. ಪೆಟ್ಟಿಗೆಯ ತಳದಲ್ಲಿದ್ದದ್ದೂ ಸೇರಿತು. ಭಾನುವಾರ ಅವನು ಕೊಚಬಾಂಬಾದ ಗಾಡಿ ಸಂತೆಗೆ ಹೊರಟ.

"ನಾನೂ ಬರ್ತೀನಿ ಮುದುಕ," ಅಂದಳು ದೆಮೆತ್ರಿಯಾ.

"ಬೇಡ. ಗಾಡಿ ನೋಡೋದು ಗಂಡಸರ ಕೆಲಸ. ಒತ್ತಿ ನೋಡಿ ತರೋಕೆ ಅದೇನು ಆಲೂಗಡ್ಡೆನಾ?"

"ಆಲೂಗಡ್ಡೆನೂ ನಿಂಗೆ ತರೋಕೆ ಬರಲ್ಲ. ಹೋದ ವಾರ ತಂದಿದ್ರಲ್ಲಿ ಅರ್ಧ ಕೊಳೆತಿತ್ತು."

ಸಂತೆಯಲ್ಲಿ ಬೆಲೆ ಕೇಳಿ ಕೇಳಿ ಅವನ ಟೋಪಿ ತಾನಾಗಿಯೇ ಹಿಂದಕ್ಕೆ ಜಾರಿತು. ಕೊನೆಯ ಮೂಲೆಯಲ್ಲಿ ಒಂದು ಬಿಳಿ ಕಾರು. ಅದರ ಬೆಲೆಯನ್ನು ಮಾತ್ರ ಎರಡು ಸಲ ಕೇಳಿದ, ಅಷ್ಟು ಕಡಿಮೆ.

"ಜಪಾನಿನ ಗಾಡಿ, ಮೇಸ್ತ್ರಿ," ಅಂದ ಮಾರುವವ ಫೌಸ್ತೋ. "ಅಲ್ಲಿ ಒಬ್ಬಳೇ ಒಬ್ಬಳು ಮುದುಕಿ ಟೀಚರು ಓಡಿಸಿದ್ದು. ಬೇಕಾದ್ರೆ ಹತ್ತಿ ಕೂತು ನೋಡಿ, ಎಷ್ಟು ಕಮ್ಮಿ ಓಡಿದೆ ಅಂತ."

ಫೌಸ್ತೋ ಬಲಗಡೆಯ ಬಾಗಿಲು ತೆಗೆದ. ಮೆಲ್ಚೋರ್ ಕೂತು ಅಂಕಿ ನೋಡಿ ತಲೆದೂಗಿದ. ಇಳಿದು ಹಿಂದಿನ ಡಿಕ್ಕಿಯನ್ನು ಟೇಪು ಹಿಡಿದು ಅಳೆದ. ಆಮೇಲೆ ಆ ದೇಶದ ಚಾಲಕರೆಲ್ಲ ಕೂರುವ ಎಡಗಡೆ ಹತ್ತಿ, ಸ್ಟೀರಿಂಗ್ ಹಿಡಿದು, ಮೈದಾನದಲ್ಲಿ ಒಂದು ಸುತ್ತು ಹಾಕಿದ.

"ಎಷ್ಟು ಚೆನ್ನಾಗಿ ಓಡಿಸ್ತೀರಿ ಮೇಸ್ತ್ರಿ," ಅಂದ ಫೌಸ್ತೋ. ಅಂಥ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಮೆಲ್ಚೋರ್ ದುಡ್ಡು ಎಣಿಸಿ ಕೊಟ್ಟುಬಿಟ್ಟ. ಮನೆ ಮುಟ್ಟುವ ತನಕ ಮುಂದಿನ ಬಸ್ಸಿನ ಬಾಲ ಬಿಟ್ಟು ಬೇರೇನನ್ನೂ ಅವನು ನೋಡಲಿಲ್ಲ.

ಗಾಡಿ ಒಂದು ವಾರ ಅಂಗಳದಲ್ಲಿ ನಿಂತಿತು. ಮುಂದಿನ ಭಾನುವಾರ ಅದಕ್ಕೆ ಹೂವಿನ ಹಾರ ಹಾಕಿ, ಇಗರ್ಜಿಯ ಮುಂದೆ ತೀರ್ಥ ಹಾಕಿಸಲು ಇಬ್ಬರೂ ಹೊರಟರು. ಹತ್ತುವ ಮೊದಲು ಮೆಲ್ಚೋರ್ ಶಾಸನ ಹೊರಡಿಸಿದ.

"ನೋಡೇ, ಗಾಡೀಲಿ ಓಡಿಸೋನೇ ಸರ್ವಾಧಿಕಾರಿ. ಇಗರ್ಜಿ ಮುಟ್ಟೋ ತನಕ ಗಾಡಿ ವಿಷಯ ನೀನು ತುಟಿ ಪಿಟಿಕ್ ಅನ್ನಬಾರದು."

"ಆಯ್ತು," ಅಂದಳು.

ಅವಳು ಇಷ್ಟು ಬೇಗ ಆಯ್ತು ಅಂದವಳೇ ಅಲ್ಲ. ಆಗಲೇ ಅವನು ಹೆದರಬೇಕಿತ್ತು. (ವಾರವಿಡೀ ಗಾಡಿಯನ್ನು ಒಳಗೂ ಹೊರಗೂ ಒರೆಸಿದವಳು ಅವಳೇ ಎಂಬುದು ಅವನಿಗೆ ಹೊಳೆಯಲಿಲ್ಲ.)

ದೊಡ್ಡ ರಸ್ತೆಗೆ ಬಂದಾಗ, ಎಷ್ಟು ವೇಗವಾಗಿ ಹೋಗುತ್ತಿದ್ದೇನೆ ನೋಡೋಣವೆಂದು ಹೆಮ್ಮೆಯಿಂದ ಕಣ್ಣು ಇಳಿಸಿದ. ಸ್ಟೀರಿಂಗಿನ ಹಿಂದೆ ಬೋಳು ಪ್ಲಾಸ್ಟಿಕ್ಕು. ಮುಳ್ಳಿಲ್ಲ, ಅಂಕಿಯಿಲ್ಲ. ಮೆಲ್ಲಗೆ ಬಲಕ್ಕೆ ಕತ್ತು ಹೊರಳಿಸಿದ. ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು, ಬಿಸಿಯ ಮುಳ್ಳು, ಎಲ್ಲವೂ ದೆಮೆತ್ರಿಯಾಳ ಮುಂದೆ. ಅವಳು ಅವುಗಳೆದುರು ಕೈ ಕಟ್ಟಿಕೊಂಡು, ಪೂಜಾಪೀಠದ ಮುಂದೆ ಕೂತಂತೆ ಕೂತಿದ್ದಳು.

ಜಪಾನಿನಲ್ಲಿ ಬಲಕ್ಕಿದ್ದ ಸ್ಟೀರಿಂಗನ್ನು ಇಲ್ಲಿನ ರಸ್ತೆಗೆಂದು ಯಾರೋ ಕಿತ್ತು ಎಡಕ್ಕೆ ಕೂರಿಸಿ, ಮುಳ್ಳುಗಳನ್ನು ಇದ್ದಲ್ಲೇ ಬಿಟ್ಟಿದ್ದರು. ಗುಂಡಿಯನ್ನು ಆ ಕಡೆಯಿಂದ ಈ ಕಡೆಗೆ ಹೊಲಿದು, ಕಾಜಾವನ್ನು ಅಲ್ಲೇ ಬಿಟ್ಟಂತೆ. ಇಂಥ ಕೋಟು ಅಂಗಡಿಗೆ ಬಂದಿದ್ದರೆ ಹೊಲಿದವನ ಏಳು ತಲೆಮಾರು ಜಾಲಾಡುತ್ತಿದ್ದವನು, ಈಗ ತಾನೇ ದುಡ್ಡು ಕೊಟ್ಟು ತೊಟ್ಟುಕೊಂಡಿದ್ದ.

ಕೇಳಲು ಮಾನ ಬಿಡಲಿಲ್ಲ. ಕತ್ತು ಚಾಚಿ ನೋಡಹೋದರೆ ಗಾಡಿಯೂ ಬಲಕ್ಕೆ ಚಾಚಿಕೊಂಡಿತು. ಒಂದು ನಾಯಿ ಪ್ರಾಣ ಹಿಡಿದುಕೊಂಡು ಚರಂಡಿಗೆ ಹಾರಿತು. ಸ್ವಲ್ಪ ಹೊತ್ತಿಗೆ ದೆಮೆತ್ರಿಯಾ ಮುಳ್ಳಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಶಿಲುಬೆಯ ಗುರುತು ಹಾಕಿಕೊಂಡಳು.

"ಏನಾಯ್ತೇ?"

ಅವಳು ತುಟಿಯ ಮೇಲೆ ಬೆರಳಿಟ್ಟಳು.

ಇಗರ್ಜಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ, ಹಾರ ಹಾಕಿಕೊಂಡ ಗಾಡಿಗಳ ಸಾಲಿನ ನಟ್ಟನಡುವೆ, ಕಾರು ಮೂರು ಸಲ ಕೆಮ್ಮಿ ಸುಮ್ಮನಾಯಿತು.

"ಈಗ ಮಾತಾಡಬಹುದಾ?"

"ಮಾತಾಡು ಮಾರಾಯ್ತಿ."

"ಪೆಟ್ರೋಲಿನ ಮುಳ್ಳು ನಮ್ಮ ಬೀದಿ ತಿರುವಲ್ಲೇ ಮಲಗಿತ್ತು."

"ಮತ್ತೆ ಹೇಳಬಾರದಾಗಿತ್ತಾ?"

"ಸರ್ವಾಧಿಕಾರಿಗಳು ಕೇಳಲಿಲ್ಲವಲ್ಲ."

ಹಿಂದಿನ ಗಾಡಿಗಳು ಹಾರ್ನ್ ಒತ್ತಿ ಹರಸಿದವು. ಅವಳಿಗೆ ಮೊಣಕಾಲು, ಇಳಿಯುವಂತಿಲ್ಲ. ಮೆಲ್ಚೋರನೇ ಇಳಿದು, ಕಿಟಕಿಯಿಂದ ಒಂದು ಕೈ ಸ್ಟೀರಿಂಗಿಗೆ ಕೊಟ್ಟು, ಹೆಗಲು ಕೊಟ್ಟು ನೂಕಿದ. ಪಾದ್ರಿಗಳು ಬಂದರು. ಬೆವರು ಸುರಿಸುತ್ತ ನೂಕುತ್ತಿದ್ದವನನ್ನು ನೋಡಿದರು, ಮುಳ್ಳುಗಳ ಮುಂದೆ ಗಂಭೀರವಾಗಿ ಕೂತಿದ್ದವಳನ್ನು ನೋಡಿದರು, ತೀರ್ಥವನ್ನು ಅವಳ ತಲೆಯ ಮೇಲೆ ಚಿಮುಕಿಸಿದರು.

"ಜೋಪಾನವಾಗಿ ಓಡಿಸಮ್ಮ."

ಮೆಲ್ಚೋರ್ ಬಾಯಿ ತೆರೆದದ್ದು ಮಾತಿಗೆ. ಸಿಕ್ಕಿದ್ದು ಒಂದು ಹನಿ ತೀರ್ಥ.

ಶನಿವಾರ ಬಂತು. ಅವನು ಟೋಪಿ ಹಾಕಿಕೊಂಡು ಕಳ್ಳಹೆಜ್ಜೆಯಲ್ಲಿ ಅಂಗಳಕ್ಕೆ ಬಂದರೆ, ದೆಮೆತ್ರಿಯಾ ಶಾಲು ಹೊದ್ದು ಬಲಗಡೆ ಆಗಲೇ ಕೂತಿದ್ದಳು.

"ನೀನೆಲ್ಲಿಗೆ?"

"ಮುಳ್ಳು ನೋಡೋರು ಯಾರು?"

ಅವನು ಎಡಗಡೆ ಹತ್ತಿ ಕೂತ. (ಗೆಳೆಯ ಸೆವೆರೋನನ್ನು ಕೂರಿಸೋಣವೆಂದರೆ, ಅವನಿಗೆ ಎದುರಿಗಿರುವ ಕಪ್ಪೆಯೇ ಕಾಣುವುದಿಲ್ಲ.)

ತಾರಾತಾದಲ್ಲಿ ಹುರಿದ ಮಾಂಸದ ತಟ್ಟೆ ಹೊಗೆಯಾಡುತ್ತ ಬಂತು. ಒಂದು ತುಂಡು ತಿಂದ. ಎರಡು ತಿಂದ. ಗೆಳೆಯರೆಲ್ಲ ನೋಡುತ್ತಿರುವಂತೆಯೇ ಮೂರನೆಯದಕ್ಕೆ ಕೈ ಚಾಚಿದ.

"ಸಾಕು ಮುದುಕ," ಅಂದಳು ಬಲಗಡೆಯಿಂದ ದೆಮೆತ್ರಿಯಾ, ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ಮುಳ್ಳು ಕೆಂಪಿಗೆ ಬಂತು."