‘ಎಲ್ಲಾ ಸೇರಿ’ ಎಂದ ಕಾರ್ಗೋದವರಿಗೆ

ಸ್ಕೋಕಿ, ಇಲಿನಾಯ್
ನವೆಂಬರ್ 11, 2006

ಸಪ್ತಸಾಗರಗಳನ್ನೂ ಒಂದೇ ಬಿಲ್ ಪುಸ್ತಕದೊಳಗೆ ಅಡಗಿಸಿಟ್ಟಿರುವ ಸುಗಮಸಾಗರ ಕಾರ್ಗೋ ಸಂಸ್ಥೆಯ ಮಾಲೀಕರಾದ ಶ್ರೀ ಚಂದ್ರಮೌಳಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸಂಸ್ಥೆಯ ಆರೋಗ್ಯದ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಕಳೆದ ಐದು ತಿಂಗಳಿಂದ ಅದಕ್ಕೆ ಹೊತ್ತುಹೊತ್ತಿಗೆ ಉಣಿಸುತ್ತಿರುವವರು ನಾವೇ. ನಾನು ಖಲೀದಾ ಬೇಗಂ. ಚನ್ನಪಟ್ಟಣದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿ, ಮಗಳು ಹಾದಿಯಾಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದವಳು. ಫೋನಿನಲ್ಲಿ ತಾವು ಸಿಗುವುದಿಲ್ಲವಾದ್ದರಿಂದಲೂ, ತಮ್ಮ ಜಾಹೀರಾತನ್ನು ನೋಡಿಕೊಳ್ಳುವ ಸಲುವಾಗಿಯಾದರೂ ಕನ್ನಡ ಸಂಘದ ಪತ್ರಿಕೆಯನ್ನು ತಾವು ತೆರೆಯುತ್ತೀರಾದ್ದರಿಂದಲೂ, ಈ ಪತ್ರವನ್ನು ಆ ಜಾಹೀರಾತಿನ ಎದುರು ಪುಟದಲ್ಲೇ ಹಾಕಿಸುತ್ತಿದ್ದೇನೆ.

ನಾನು ತಮಗೆ ಒಪ್ಪಿಸಿದ್ದು ಒಂದು ತೊಟ್ಟಿಲು. ತೀರಿಹೋದ ನಮ್ಮ ಯಜಮಾನರು ಮುಯೀನ್ ಸಾಹೇಬರು, ಹಾದಿಯಾ ಹುಟ್ಟುವ ಮುಂಚೆ, ನಮ್ಮೂರ ಗೊಂಬೆಗಳಿಗೆ ಬಳಸುವ ಆಲೆಮರವನ್ನು ಲೇತ್ ಯಂತ್ರದಲ್ಲಿ ಕಡೆದು ಅರಗಿನ ಬಣ್ಣ ಹಾಕಿ ತಮ್ಮ ಕೈಯಾರೆ ಮಾಡಿದ್ದು. ಹೆರಿಗೆಯಾದ ನಲವತ್ತನೆಯ ದಿನ, ನಾವು ಚಿಲ್ಲಾ ಎನ್ನುವ ದಿನ, ಮೊಮ್ಮಗಳು ಇನಾಯಾಳನ್ನು ಅದರಲ್ಲಿ ಮಲಗಿಸಿ ತೂಗಬೇಕೆಂಬುದು ನನ್ನ ಆಸೆ. ಅಜ್ಜನಂತೂ ಇಲ್ಲ, ಅವರ ಕೈಕೆಲಸವಾದರೂ ಮಗುವನ್ನು ಎತ್ತಿಕೊಳ್ಳಲಿ ಎಂದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ತಾವು ಬೆಂಗಳೂರಿನ ಕಚೇರಿಯಲ್ಲಿ ದರ್ಶನ ಕೊಟ್ಟಾಗ, ಬಾಳೆಹಣ್ಣು ಕೊಳ್ಳುವಾಗಲೂ ಆಟೋ ಹತ್ತುವಾಗಲೂ ನಾವೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದೆ: ‘ಎಲ್ಲಾ ಸೇರಿ ಎಷ್ಟಾಗತ್ತೆ?’ ತಾವು ಒಂದು ಮೊತ್ತ ಹೇಳಿ, ‘ಎಲ್ಲಾ ಸೇರಿ ಆಂಟಿ, ಏನೂ ಟೆನ್ಷನ್ ತಗೋಬೇಡಿ’ ಎಂದಿರಿ. ತೊಟ್ಟಿಲನ್ನು ಗೋದಾಮಿನಲ್ಲೇ ಇಟ್ಟುಕೊಂಡ ತಾವು, ಆ ಟೆನ್ಷನ್ ಒಂದನ್ನು ಮಾತ್ರ ಸ್ಕೋಕಿಯ ಮನೆಬಾಗಿಲಿಗೆ ಉಚಿತವಾಗಿ ತಲುಪಿಸಿದ್ದೀರಿ.

ತಪ್ಪು ನನ್ನದೇ. ‘ಸೇರಿ’ ಎಂಬುದು ಅಪೂರ್ಣಕ್ರಿಯೆ. ಅಲ್ಲಿಗೆ ವಾಕ್ಯ ಮುಗಿಯುವುದಿಲ್ಲವೆಂದು ಮೂವತ್ತೊಂದು ವರ್ಷ ಹೇಳಿಕೊಟ್ಟವಳು ನಾನು. ‘ಅವನು ಮನೆಗೆ ಬಂದು’ ಎಂದು ಬೋರ್ಡಿನ ಮೇಲೆ ಬರೆದು ನಿಲ್ಲಿಸಿದರೆ, ಏಳನೆಯ ತರಗತಿಯ ಶಾರದ ಎದ್ದು ‘ಬಂದು ಏನ್ಮಾಡ್ದ ಮಿಸ್?’ ಎಂದು ಕೇಳುತ್ತಿದ್ದಳು. ಆ ಹುಡುಗಿಗಿದ್ದ ಬುದ್ಧಿ ತಮ್ಮೆದುರು ನನಗಿಲ್ಲದೆ ಹೋಯಿತು. ಎಲ್ಲಾ ಸೇರಿ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ತಾವೂ ಹೇಳಲಿಲ್ಲ; ಜೂನ್‌ನಲ್ಲಿ ಹಡಗು ಬಂದ ಮೇಲೆ, ತಮ್ಮ ‘ಎಲ್ಲಾ’ ಎಂಬುದು ಬಂದರಿಗೇ ಮುಗಿಯಿತೆಂದೂ, ಅಲ್ಲಿಂದ ನಮ್ಮ ಪಕ್ಕದ ಷಿಕಾಗೋಗೆ ರೈಲು, ಕಂಟೇನರ್ ಬಿಚ್ಚುವುದು, ಕಾಗದಪತ್ರ ಇವೆಲ್ಲ ಬೇರೆಯೆಂದೂ ತಮ್ಮ ಮೊದಲ ಬಿಲ್ಲು ತಿಳಿಸಿತು.

ಇನ್ನೊಂದು ತಪ್ಪು ನನ್ನ ತಮ್ಮ ವಾಹಿದನದು. ಅರಗಿನ ಬಣ್ಣ ಉಜ್ಜಿಹೋಗದಿರಲೆಂದು ಅವನು ಪೆಟ್ಟಿಗೆಯ ತುಂಬ ಭತ್ತದ ಹುಲ್ಲು ತುರುಕಿದ್ದ. ನಮ್ಮ ಕಡೆ ಮಡಕೆಯಿಂದ ಮಾವಿನಹಣ್ಣಿನವರೆಗೆ ಎಲ್ಲಕ್ಕೂ ಹುಲ್ಲೇ ಹಾಸಿಗೆ. ಅಮೆರಿಕದೊಳಕ್ಕೆ ಹುಲ್ಲು ಬಿಡುವುದಿಲ್ಲವೆಂದು ಅವನಿಗೆ ತಿಳಿಯದು, ತಿಳಿದಿದ್ದ ತಾವು ಹೇಳಲಿಲ್ಲ. ತಪಾಸಣೆಯವರು ಹುಲ್ಲನ್ನು ನಾಶಮಾಡಿ ಆಗಸ್ಟ್‌ನಲ್ಲಿ ತೊಟ್ಟಿಲನ್ನು ಬಿಟ್ಟುಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಗೋದಾಮಿನ ಬಾಡಿಗೆಯೆಂದು ತಾವು ಕೇಳಿದಷ್ಟನ್ನು ಅಳಿಯ ಶಾಕಿರ್ ಕಟ್ಟುವುದು, ಕಟ್ಟಿದ್ದು ತಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಬಾಡಿಗೆ ಇನ್ನಷ್ಟು ಬೆಳೆಯುವುದು, ‘ಅಮ್ಮೀ, ಮತ್ತೊಂದ್ ಬಿಲ್ ಕಳ್ಸಿದಾರೆ’ ಎಂದು ಅವನು ಸೋತ ಮುಖದಲ್ಲಿ ನಿಲ್ಲುವುದು, ಹೀಗೆಯೇ ಋತು ಬದಲಾಯಿತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಗೆ ಉದಾಹರಣೆ ಕೊಡಲು ನಾನು ಇನ್ನು ಮುಂದೆ ಪರದಾಡಬೇಕಿಲ್ಲ.

ಇತ್ತ ಚಿಲ್ಲಾ ನಮಗಾಗಿ ಕಾಯಲಿಲ್ಲ. ಬಟ್ಟೆ ಒಗೆಯಲು ಒಯ್ಯುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನನ್ನ ರೇಷ್ಮೆ ಸೀರೆ ಹಾಸಿ ಮಗುವನ್ನು ಮಲಗಿಸಿ, ಕಾರ್ಪೆಟ್ಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದೆವು. ಬಂದವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಆದ್ದರಿಂದ, ತಮ್ಮ ಮಹಿಮೆಯನ್ನು ಬಲ್ಲವಳಾಗಿ, ಎರಡು ಸಣ್ಣ ಬಿನ್ನಹಗಳು. ತೊಟ್ಟಿಲನ್ನು ಐದು ತಿಂಗಳು ತಡೆಹಿಡಿದ ತಾವು, ಅಷ್ಟೇ ಸುಲಭವಾಗಿ ಇನಾಯಾ ಬೆಳೆಯುವುದನ್ನೂ ತಡೆಹಿಡಿದು, ನಲವತ್ತನೆಯ ದಿನಕ್ಕೆ ಅವಳನ್ನು ಹಿಂದಿರುಗಿಸಬೇಕು. ಅದಕ್ಕೆ ತಗಲುವ ವೆಚ್ಚವನ್ನು ಎಲ್ಲಾ ಸೇರಿ ತಿಳಿಸುವುದು. ನನ್ನ ವೀಸಾದ ಆರು ತಿಂಗಳಲ್ಲಿ ಐದನ್ನು ತಮ್ಮ ಗೋದಾಮಿನಲ್ಲೇ ಎಲ್ಲೋ ಇಟ್ಟಿದ್ದೀರಿ. ದಯಮಾಡಿ ಹುಡುಕಿಸಿ, ಬೇಕಿದ್ದರೆ ಹುಲ್ಲಿನಲ್ಲೇ ಸುತ್ತಿ ಕಳುಹಿಸುವುದು.

ತೊಟ್ಟಿಲು ನಿನ್ನೆ ಬಂತು. ಅರಗಿನ ಬಣ್ಣ ಒಂದಿಷ್ಟೂ ಹೋಗಿಲ್ಲ, ವಾಹಿದನ ಹುಲ್ಲು ತನ್ನ ಕೆಲಸ ಮಾಡಿದೆ. ಇನಾಯಾ ಮಗುಚಿಕೊಂಡು, ಅಜ್ಜ ಬಣ್ಣ ಹಾಕಿದ ಕೆಂಪು ಕಂಬಿಗೆ ಬಾಯಿ ಹಚ್ಚಿ, ಹಾಗೆಯೇ ನಿದ್ದೆಹೋದಳು. ನಿನ್ನೆ ಮಧ್ಯಾಹ್ನ ತೂಗಿದೆ, ಇವತ್ತು ಮಧ್ಯಾಹ್ನ ತೂಗಿದೆ. ನಾಳೆ ಬೆಳಿಗ್ಗೆ ನನ್ನ ವಿಮಾನ.

ಇಂತಿ, ಎಲ್ಲಾ ಸೇರಿದ ಮೇಲೂ
ತಮ್ಮ ವಿಶ್ವಾಸಿ,
ಖಲೀದಾ ಬೇಗಂ

ಬರೆಯಲು ಮರೆತದ್ದು: ತಮ್ಮ ಬಿಲ್ಲುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ಅಂಚೆಯಲ್ಲಿ ಕಳುಹಿಸಿದ್ದೇನೆ. ‘ಇತರೆ’ ಎಂಬ ಒಂದೇ ಪದವನ್ನು ಹನ್ನೊಂದು ಕಡೆ ಬಳಸಿದ್ದೀರಿ. ಒಂದು ವಾಕ್ಯವೂ ಪೂರ್ಣವಾಗಿಲ್ಲ. ಆದರೂ ನೂರಕ್ಕೆ ಎರಡು ಅಂಕ ಕೊಟ್ಟಿದ್ದೇನೆ. ಅವು ನನ್ನ ಪಾಲಿಗೆ ತಾವು ಉಳಿಸಿದ ಎರಡು ಮಧ್ಯಾಹ್ನಗಳಿಗೆ. ಪೋಷಕರ ಸಹಿ ಹಾಕಿಸಿಕೊಂಡು ಬರುವುದು.