ನಾಲ್ಕು ಸೆಲ್ಲಿನ ಮಾವ

ನನ್ನ ಸೋದರಮಾವನ ಕೈಗೆ ಸಿಕ್ಕಿದ ಟಾರ್ಚ್ ಬಲ್ಬುಗಳೆಲ್ಲ ಅಲ್ಪಾಯುಷಿಗಳು! ಆದರೆ ಬದುಕಿದಷ್ಟು ಹೊತ್ತು ಸೂರ್ಯನನ್ನೂ ನಾಚಿಸುತ್ತವೆ. ಕೊಯಮತ್ತೂರಿನ ಹತ್ತಿರದ ಅವರ ಊರು ಕರುಮತ್ತಂಪಟ್ಟಿಯಲ್ಲಿ ಇಂಥ ಮಾವ ಇನ್ನೊಬ್ಬರಿಗಿದ್ದರೆ ಕರೆತನ್ನಿ, ನೋಡೇಬಿಡೋಣ.

ಅವರ ಸಿದ್ಧಾಂತ ಸರಳ. ಎರಡು ಸೆಲ್ಲಿನ ಬಲ್ಬಿಗೆ ಮೂರು ಸೆಲ್, ಮೂರರ ಬಲ್ಬಿಗೆ ನಾಲ್ಕು! ವೋಲ್ಟೇಜ್ ಏರಿದಂತೆ ಹಳದಿ ಬೆಳಕು ಬೆಳ್ಳಗಾಗುತ್ತದೆ, ಬಲ್ಬಿನ ಆಯಸ್ಸು ಕರಗುತ್ತದೆ. ಟಾರ್ಚಿನಲ್ಲಿ ಜಾಗ ಸಾಲದೆ ಹೋದಾಗ ನೀರಿನ ಪೈಪಿನ ತುಂಡು ಜೋಡಿಸಿ ಅದನ್ನು ಮೊಳದುದ್ದ ಬೆಳೆಸಿದರು.

ಕೊಯಮತ್ತೂರಿನ ಅಂಗಡಿಯವನು ಅವರ ಮುಂದೆ ಅಂಗಲಾಚಿದ್ದನ್ನು ನಾನೇ ಕಂಡಿದ್ದೇನೆ.

"ಅಣ್ಣಾ, ಇದು ಮೂರು ಸೆಲ್ಲಿನ ಬಲ್ಬು. ನಾಲ್ಕು ಹಾಕಿದ್ರೆ ಸುಟ್ಟೇ ಹೋಗುತ್ತೆ!"

"ಹೋಗ್ಲಿ ತಂಬಿ. ಅದಕ್ಕೇ ಹತ್ತು ಕೇಳಿದ್ದು."

ವಾಪಸ್ ಬರುವಾಗ ಬಸ್ ಕಂಡಕ್ಟರ್ ಆ ಟಾರ್ಚನ್ನು ಮೇಲಿಂದ ಕೆಳಗೆ ನೋಡಿ, "ಮೋಟಾರ್ ಪೈಪಿಗೆ ಲಗೇಜ್ ಟಿಕೆಟ್ ತಗೊಳ್ಳಿ" ಎಂದ. ಪೈಪಂತೆ! ಮಾವ ಗುಂಡಿ ಒತ್ತಿದರು. ಕಣ್ಣುಜ್ಜಿಕೊಳ್ಳುತ್ತ ಹಿಂದೆ ಹೋದ ಪುಣ್ಯಾತ್ಮ ನಮ್ಮ ಸೀಟಿನ ಕಡೆ ಮತ್ತೆ ತಲೆಹಾಕಲಿಲ್ಲ.

ಒಂದು ಎಲ್ಇಡಿ ಟಾರ್ಚ್ ತಂದುಕೊಟ್ಟೆ. ಮಾವ ಅದನ್ನು ಎರಡೇ ಬೆರಳಲ್ಲಿ ಹಿಡಿದು, "ಈ ಬೆಳಕಲ್ಲಿ ಎಲ್ಲಾ ನೀಲಿ. ನಿಮ್ಮಜ್ಜಿಗೆ ಎಳೆ ಬಣ್ಣ ಹೆಂಗೆ ಗೊತ್ತಾಗ್ಬೇಕು?" ಎಂದು ಹಿಂದಿರುಗಿಸಿದರು.

ಹೌದು, ಈ ಅವಾಂತರವೆಲ್ಲ ಅಜ್ಜಿಗಾಗಿ. ಕಿಟಕಿಯಿಲ್ಲದ ನಡುಮನೆಯ ಕೈಮಗ್ಗದಲ್ಲಿ ಅವರು ಈಗಲೂ ಸೀರೆ ನೇಯುತ್ತಾರೆ. ಎಳೆ ಕಡಿದರೆ ಗಂಟು ಹಾಕುವವರೆಗೆ ಮಾವ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯಬೇಕು. "ಬೆಳಕು ಪತ್ತಲ್ಲಡಾ, ಸಾಲಲ್ಲ" ಎಂದು ಅಜ್ಜಿ ಗೊಣಗಿದಾಗಲೆಲ್ಲ ಒಂದು ಸೆಲ್ ಹೆಚ್ಚುತ್ತದೆ!

ಅಜ್ಜಿಯ ಕಣ್ಣಿನ ನರ ಒಣಗಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಡಾಕ್ಟರು ಮಾವನಿಗೆ ಮಾತ್ರ ಹೇಳಿದ್ದರು. "ಎಳೆಗೆ ಗಂಟು ಹಾಕೋಕೆ ಆಗ್ದಿರೋ ದಿನ ಮಗ್ಗ ಕಿತ್ತಾಕ್ಬಿಡು. ಆಮೇಲೆ ನಾನ್ಯಾಕಿರ್ಬೇಕು?" ಎಂದು ಅಜ್ಜಿ ಮೊದಲೇ ಹೇಳಿಟ್ಟಿದ್ದರು. ಮಾವ ಮನೆಗೆ ಬಂದು ಏನೆಂದರು ಗೊತ್ತೆ? "ನಿನ್ ಕಣ್ಣಿಗೇನೂ ಆಗಿಲ್ವಂತಮ್ಮಾ. ಬೆಳಕೇ ಸಾಲದಂತೆ." ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಲು ಹೊರಟ ಭೂಪ ಅವರು!

ಹೋದ ವಾರ ನಾನು ಅಲ್ಲಿದ್ದೆ. ಮಧ್ಯಾಹ್ನ ಕರೆಂಟ್ ಹೋಗಿ ನಡುಮನೆ ಕತ್ತಲಾಗಿತ್ತು; ಬಾಗಿಲ ಕಡೆಯಿಂದ ಒಂದಿಷ್ಟು ಮಸುಕು ಬೆಳಕಷ್ಟೇ. ಒಟ್ಟೊಟ್ಟಿಗೆ ನಾಲ್ಕೈದು ಎಳೆ ಕಡಿದಿದ್ದವು. ಮಾವ ಟಾರ್ಚ್ ಹಚ್ಚಿದರು. ನಾಲ್ಕು ಸೆಲ್ಲಿನ ಏಟಿಗೆ ಬಲ್ಬು ಝಗ್ಗೆಂದು ಉರಿದು, ಮೊದಲ ಗಂಟಿಗೇ ಸತ್ತುಹೋಯಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕೈ ಅದುಮಿದರು. ಅಜ್ಜಿಯ ಬೆರಳು ನಿಂತಿರಲಿಲ್ಲ. ಕತ್ತಲಲ್ಲೇ ಎಳೆ ಹುಡುಕಿ, ಹೊಸೆದು, ಒಂದೊಂದೇ ಗಂಟು ಹಾಕುತ್ತಿದ್ದವು. ಮಾವ ಸತ್ತ ಟಾರ್ಚನ್ನು ಹಿಡಿದೇ ಇದ್ದರು. ಇವರು ನನ್ನ ಮಾವ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಕೊನೆಯ ಗಂಟು ಬಿಗಿದು ಅಜ್ಜಿ ಮುಖವೆತ್ತಿದರು.

"ಇವತ್ತು ನೋಡುಡಾ, ಬೆಳಕು ಸರಿಯಾಗಿ ಬಿತ್ತು."

ಮಾವ ಕಣ್ಣೊರೆಸಿಕೊಂಡು, ಎದೆ ಸೆಟೆಸಿ ಹೇಳಿದರು:

"ಮತ್ತೆ? ನಾಲ್ಕು ಸೆಲ್ಲಮ್ಮಾ!"